ಪಕ್ಕದಲ್ಲಿ ಹಾದುಹೋಗುವ ಬೋಟಿನ ಅಲೆ: ಎದುರಿಸುವುದು ಹೇಗೆ?

ಬೋಟಿನಲ್ಲಿ ದೂರ ದೂರ ಸುತ್ತಲು ಶುರು ಮಾಡಿದ ಮೊದಲ ವರ್ಷ, ನಮ್ಮನ್ನು ದಾಟಿ ಹೋದವರಿಗೆಲ್ಲ ನಾನು ಬೈಯುತ್ತಿದ್ದೆ. ಅವರು ಎಬ್ಬಿಸಿದ ಅಲೆಗೆ ನಮ್ಮ ಬೋಟು ಆಚೀಚೆ ಹೊಯ್ದಾಡುತ್ತಿತ್ತು. ಕೆಳಗೆ ಪಾತ್ರೆ, ಪುಸ್ತಕ, ಬೈನಾಕ್ಯುಲರ್ ಎಲ್ಲ ಒಂದೇ ರಾಶಿಯಾಗಿ ನೆಲಕ್ಕೆ ಬೀಳುತ್ತಿದ್ದವು. ಒಂದು ದಿನ ಹಿಂದಿನಿಂದ ಬರುತ್ತಿದ್ದ ಬೋಟಿನವರು ರೇಡಿಯೋದಲ್ಲಿ ಕರೆದು, "ನೀವು ಸ್ವಲ್ಪ ನಿಧಾನ ಮಾಡ್ತೀರಾ? ಆಗ ನಾನೂ ನಿಧಾನವಾಗಿ ದಾಟಬಹುದು" ಅಂದರು. ದಾಟುವವರು ಅವರು, ನಿಧಾನ ಮಾಡಬೇಕಾದವನು ನಾನಾ? ಒಳಗೊಳಗೇ ಗೊಣಗಿಕೊಂಡು ಥ್ರಾಟಲ್ ಇಳಿಸಿದೆ. ಅವರು ಸದ್ದಿಲ್ಲದೆ ದಾಟಿ ಹೋದರು. ಮೇಜಿನ ಮೇಲಿದ್ದ ಪೆನ್ಸಿಲ್ ಕೂಡ ಉರುಳಲಿಲ್ಲ.

ಅಲ್ಲಿಯವರೆಗೆ ಬೈದ ಬೈಗುಳದಲ್ಲಿ ಅರ್ಧ ನನಗೇ ಸಲ್ಲಬೇಕಿತ್ತು ಅಂತ ಆಮೇಲೆ ಹೊಳೆಯಿತು. ಅಲೆ ಬಂದ ಮೇಲೆ ಮಾಡುವ ಕಸರತ್ತು ಇದ್ದೇ ಇದೆ, ಅದನ್ನೂ ಹೇಳುತ್ತೇನೆ. ಆದರೆ ಜಾಸ್ತಿ ಕೆಲಸ ಆಗುವುದು ಅಲೆ ಹುಟ್ಟುವ ಮುಂಚೆಯೇ.

ಅಲೆಯ ಬಗ್ಗೆ ಇಷ್ಟು ತಿಳಿದಿರಲಿ

ಬೋಟು ನೀರನ್ನು ಸರಿಸಿಕೊಂಡು ಹೋಗುವಾಗ ಹಿಂದೆ ಎರಡು ಬಗೆಯ ಅಲೆ ಏಳುತ್ತವೆ. ಒಂದು ಬಗೆ ಬೋಟಿನ ಹಿಂದೆಯೇ, ಅದರ ದಾರಿಗೆ ಅಡ್ಡಲಾಗಿ ಹಿಂಬಾಲಿಸಿ ಬರುತ್ತದೆ. ಇನ್ನೊಂದು ಬಗೆ ಎರಡೂ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ನಮ್ಮನ್ನು ಕಾಡುವುದು ಈ ಎರಡನೆಯದು. ಇವೆಲ್ಲ ಸೇರಿ ಹಿಂದೆ ಒಂದು ಬೀಸಣಿಗೆಯ ಆಕಾರ ಆಗುತ್ತದೆ. ಆಳವಾದ ನೀರಿನಲ್ಲಿ ಆ ಬೀಸಣಿಗೆಯ ಅಂಚು ಬೋಟಿನ ದಾರಿಯಿಂದ ಎರಡೂ ಕಡೆಗೆ ಸುಮಾರು 19.5 ಡಿಗ್ರಿ ಇರುತ್ತದೆ ಅಂತ ಲಾರ್ಡ್ ಕೆಲ್ವಿನ್ 1887ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಬಾತುಕೋಳಿಯಾದರೂ ಅಷ್ಟೇ, ಹಡಗಾದರೂ ಅಷ್ಟೇ. ತುಂಬಾ ವೇಗದ ಬೋಟುಗಳ ಹಿಂದೆ ಮಾತ್ರ ಈ ಬೀಸಣಿಗೆ ಇನ್ನೂ ಕಿರಿದಾಗಿ ಕಾಣುತ್ತದೆ.

ಇದರಿಂದ ಒಂದು ಉಪಯೋಗದ ಲೆಕ್ಕ ಸಿಗುತ್ತದೆ. ಬೋಟು ನಿಮ್ಮಿಂದ ಎಷ್ಟು ದೂರದಲ್ಲಿ ಪಕ್ಕಕ್ಕೆ ಹೋಗುತ್ತಿದೆಯೋ, ಅದರ ಹೆಚ್ಚುಕಡಿಮೆ 3 ಪಟ್ಟು ಮುಂದೆ ಹೋದಾಗ ಅಲೆ ನಿಮಗೆ ತಾಗುತ್ತದೆ. 30 ಮೀಟರ್ ಪಕ್ಕದಲ್ಲಿ ಹೋದರೆ, ಅದು ನಿಮಗಿಂತ 85 ಮೀಟರ್ ಮುಂದೆ ಇರುವಾಗ ಮೊದಲ ಅಲೆ ಬರುತ್ತದೆ. ದಾಟಿತಲ್ಲ, ಏನೂ ಆಗಲಿಲ್ಲ ಅಂತ ಎದ್ದು ನಿಂತವರು ಬೀಳುವುದು ಈ ಕಾರಣಕ್ಕೇ.

ಇನ್ನು ವೇಗ. ಜೋರಾಗಿ ಹೋದಷ್ಟೂ ಅಲೆ ದೊಡ್ಡದು ಅಂದುಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಒಂದು ಸಹಜ ಮಿತಿ ಇದೆ. ನೀರಿಗೆ ತಾಗುವ ಉದ್ದವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ಆ ಮಿತಿ ನಾಟ್‌ನಲ್ಲಿ ಬರುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). 9 ಮೀಟರ್ ಬೋಟಿಗೆ ಸುಮಾರು 7.3 ನಾಟ್. 16 ಮೀಟರಿನದಕ್ಕೆ 9.7. ಇದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಅಲೆ ಚಿಕ್ಕದು. ಮಿತಿಯ ಹತ್ತಿರ ಬಂದು, ಅದನ್ನು ಮೀರಲು ಒದ್ದಾಡುವಾಗ ಬೋಟಿನ ಹಿಂಭಾಗ ಕುಳಿ ಬಿದ್ದ ಹಾಗೆ ಕೂರುತ್ತದೆ, ಮೂತಿ ಮೇಲೇಳುತ್ತದೆ. ಅತಿ ಕೆಟ್ಟ ಅಲೆ ಏಳುವುದು ಆಗಲೇ. ಬೋಟು ಪೂರ್ತಿ ಪ್ಲೇನ್ ಆಗಿ ನೀರಿನ ಮೇಲೆ ಜಾರತೊಡಗಿದರೆ ಅಲೆ ಮತ್ತೆ ಇಳಿಯುತ್ತದೆ. ಅಂದರೆ, ಸೌಜನ್ಯಕ್ಕೆ ಅಂತ ಸ್ವಲ್ಪ ಮಾತ್ರ ವೇಗ ಇಳಿಸಿ, ಮೂತಿ ಎತ್ತಿಕೊಂಡೇ ಬರುವ ಬೋಟು, ಜೋರಾಗಿ ಹಾರಿ ಹೋಗುವ ಬೋಟಿಗಿಂತ ಜಾಸ್ತಿ ತೊಂದರೆ ಕೊಡುತ್ತದೆ. ಪಾಪ, ಅವರು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ.

ಇನ್ನೊಂದು ಮಾತು: ಅಲೆಯ ಎತ್ತರ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ನಾಲ್ಕರಷ್ಟಾಗುತ್ತದೆ. ಎತ್ತರವನ್ನು ಅರ್ಧ ಮಾಡಿಸಿಕೊಂಡರೆ ಮುಕ್ಕಾಲು ಪಾಲು ಪೆಟ್ಟು ತಪ್ಪಿದ ಹಾಗೆ.

ಹೊರಡುವ ಮುಂಚೆ

ಸಮುದ್ರಕ್ಕೆ ಹೋಗುವಾಗ ಎಲ್ಲವನ್ನೂ ಕಟ್ಟಿ ಭದ್ರ ಮಾಡುತ್ತೇವೆ. ಹೊಳೆ, ಕಾಲುವೆ, ಸರೋವರ ಅಂದರೆ ಸಡಿಲ ಬಿಡುತ್ತೇವೆ. ಅಲೆಯಿಂದ ಜಾಸ್ತಿ ನಷ್ಟ ಆಗುವುದು ಶಾಂತ ನೀರಿನಲ್ಲೇ, ಯಾಕೆಂದರೆ ಅಲ್ಲಿ ಯಾರೂ ತಯಾರಿರುವುದಿಲ್ಲ. ಕಪಾಟುಗಳಿಗೆ ಚಿಲಕ ಹಾಕಿ. ಒಲೆಯ ಮೇಲೆ ಕುದಿಯುವ ನೀರು ಇದ್ದರೆ ಪಾತ್ರೆಗೆ ಆಸರೆ ಕೊಡಿ. ಸುಟ್ಟ ಗಾಯಕ್ಕೆ ಬಿರುಗಾಳಿಯೇ ಬೇಕು ಅಂತಿಲ್ಲ. ನೀರಿನ ಮಟ್ಟಕ್ಕೆ ಹತ್ತಿರ ಇರುವ ಕಿಟಕಿಗಳನ್ನು ಚಲಿಸುವಾಗ ಮುಚ್ಚಿಡಿ. ತೆರೆದ ಕಿಟಕಿಯಿಂದ ಒಂದೇ ಅಲೆ ಹಾಸಿಗೆಯನ್ನು ಪೂರ್ತಿ ತೋಯಿಸಬಲ್ಲದು. ಒಣಗಿಸಲು ಎರಡು ದಿನ ಬೇಕು. ಈ ಲೆಕ್ಕ ನನ್ನ ಸ್ವಂತ ಅನುಭವದ್ದು.

ಜೊತೆಗಿರುವವರಿಗೆ ಒಂದೇ ಮಾತು ಹೇಳಿಕೊಡಿ. ಚುಕ್ಕಾಣಿ ಹಿಡಿದವರು "ಅಲೆ, ಎಡಗಡೆ!" ಅಂದರೆ ಇದ್ದಲ್ಲೇ ಕೂತು ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಎಲ್ಲಿ ಅಂತ ಎದ್ದು ನೋಡಬಾರದು. ಮೆಟ್ಟಿಲ ಮೇಲಿದ್ದರೆ ಮೇಲಾಗಲೀ ಕೆಳಗಾಗಲೀ ಬೇಗ ಒಂದು ಕಡೆ ಸೇರಿಕೊಳ್ಳಬೇಕು.

ಹೆಜ್ಜೆ 1: ಹಿಂದೆ ನೋಡುವ ಅಭ್ಯಾಸ

ನಿಧಾನದ ಬೋಟಿನವರಿಗೆ ಅಲೆ ಬರುವುದು ಹೆಚ್ಚಾಗಿ ಹಿಂದಿನಿಂದ. ನಮ್ಮ ಕಣ್ಣು ಮಾತ್ರ ಯಾವಾಗಲೂ ಮುಂದೆ. ಎಂಜಿನ್ ಸದ್ದಿನಲ್ಲಿ ಹಿಂದಿನ ಬೋಟಿನ ಸದ್ದು ಕೇಳುವುದೂ ಇಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ತಿರುಗಿ ನೋಡಿ. ಆಟೋಪೈಲಟ್ ಹಾಕಿ ಫೋನ್ ನೋಡುತ್ತ ಕೂತವರಿಗೆ ಇದು ಎರಡು ಪಟ್ಟು ಅನ್ವಯ. ಎಐಎಸ್, ಅಂದರೆ ಸುತ್ತಲಿನ ಬೋಟುಗಳು ರೇಡಿಯೋ ಮೂಲಕ ಕಳಿಸುವ ತಮ್ಮ ಜಾಗ, ವೇಗವನ್ನು ಪರದೆಯ ಮೇಲೆ ತೋರಿಸುವ ಸಾಧನ, ಇದ್ದರೆ ಒಳ್ಳೆಯದು. ಯಾರು ಬರುತ್ತಿದ್ದಾರೆ, ಎಷ್ಟು ವೇಗ, ಎಷ್ಟು ಹೊತ್ತಿಗೆ ಹತ್ತಿರ ಬರುತ್ತಾರೆ ಎಲ್ಲ ಗೊತ್ತಾಗುತ್ತದೆ. ಆದರೆ ಸಣ್ಣ ಬೋಟುಗಳಲ್ಲಿ ಅದು ಇರಲೇಬೇಕು ಅಂತೇನಿಲ್ಲ. ಪರದೆ ಖಾಲಿ ಇದೆ ಅಂದರೆ ನೀರು ಖಾಲಿ ಅಂತಲ್ಲ.

ಬೋಟು ಕಂಡಾಗ ಮೂರು ಸಂಗತಿ ನೋಡಿಕೊಳ್ಳಿ. ಅದರ ಮೂತಿ ಎಷ್ಟು ಎದ್ದಿದೆ? ಹಿಂದೆ ಬಿಳಿ ನೊರೆಯ ಗೋಡೆ ಇದೆಯಾ? ಅದರ ಹಿಂದೆ ಇನ್ನೊಂದು ಬೋಟು ಇದೆಯಾ? ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಮೊದಲ ಬೋಟಿನ ಅಲೆಗೆ ಅಂತ ಗಕ್ಕನೆ ತಿರುಗಿ, ಎರಡನೆಯ ಬೋಟಿನ ಮುಂದೆ ಅಡ್ಡ ನಿಂತುಬಿಡುತ್ತಾರೆ.

ಹಾಗೆಯೇ ಆಳ ನೋಡಿ. ದಾರಿಯ ಅಂಚಿನಾಚೆ ಎಷ್ಟು ನೀರಿದೆ, ನೀವು ಎಷ್ಟು ಪಕ್ಕಕ್ಕೆ ಸರಿಯಬಹುದು? ಅಲೆ ತಪ್ಪಿಸಲು ಹೋಗಿ ಮರಳ ದಿಬ್ಬ ಹತ್ತಿದರೆ ಅಲೆಯೇ ವಾಸಿ ಅನ್ನಿಸುತ್ತದೆ. ಅದೂ ಅಲೆಯ ತಗ್ಗಿನಲ್ಲಿ ಬೋಟು ಇನ್ನಷ್ಟು ಕೆಳಗಿಳಿಯುತ್ತದೆ. ಆಳ ಕಡಿಮೆ ಇರುವಲ್ಲಿ ಕೀಲ್, ಅಂದರೆ ಬೋಟಿನ ತಳದ ಬೆನ್ನೆಲುಬು, ನೆಲಕ್ಕೆ ಕುಟ್ಟಬಹುದು.

ಹೆಜ್ಜೆ 2: ಮಾತಾಡಿ

ವಿಎಚ್‌ಎಫ್ ರೇಡಿಯೋ ಇದ್ದರೆ ಬಳಸಿ, ನಾಚಿಕೆ ಬೇಡ. 16ನೇ ಚಾನೆಲ್‌ನಲ್ಲಿ ಅಥವಾ ಆ ಜಾಗದಲ್ಲಿ ಬಳಕೆಯಲ್ಲಿರುವ ಚಾನೆಲ್‌ನಲ್ಲಿ ಕರೆಯಿರಿ. ಉದ್ದ ಭಾಷಣ ಬೇಡ. "ನನ್ನ ಹಿಂದೆ ಬರುತ್ತಿರುವ ಬಿಳಿ ಬೋಟಿಗೆ, ಮುಂದಿನ ಹಾಯಿದೋಣಿಯಿಂದ. ನಾನು ವೇಗ ಇಳಿಸುತ್ತೇನೆ, ನಿಧಾನವಾಗಿ ನನ್ನ ಎಡಗಡೆಯಿಂದ ದಾಟಿ." ಇಷ್ಟು ಸಾಕು. ಬೋಟಿನ ಹೆಸರು ಕಂಡರೆ ಹೆಸರು ಹಿಡಿದೇ ಕರೆಯಿರಿ. ಹೆಸರು ಕೇಳಿದ ಕೂಡಲೇ ಮನುಷ್ಯ ಸ್ವಲ್ಪ ಮೆತ್ತಗಾಗುತ್ತಾನೆ.

ಇಲ್ಲಿ ನಿಯಮದ ವಿಚಾರ ಒಂದಿದೆ. 1972ರಲ್ಲಿ ಒಪ್ಪಿ 1977ರಿಂದ ಜಾರಿಯಾದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ, ದಾಟುವವರೇ ದೂರ ಇರಬೇಕು. ನಿಮ್ಮ ಬೋಟಿನ ನೇರ ಪಕ್ಕದಿಂದ 22.5 ಡಿಗ್ರಿಗಿಂತ ಹಿಂದಿನಿಂದ ಬರುವವರು ದಾಟುವವರು. ಪೂರ್ತಿ ದಾಟಿ ಮುಗಿಯುವವರೆಗೂ ಆ ಹೊಣೆ ಅವರದ್ದೇ. ದಾಟಿಸಿಕೊಳ್ಳುವವರು ತಮ್ಮ ದಿಕ್ಕು, ವೇಗ ಬದಲಿಸದೆ ಹೋಗಬೇಕು ಅಂತಲೂ ಅಲ್ಲಿದೆ. ಹಾಗಾದರೆ ನಿಧಾನ ಮಾಡುವುದು ತಪ್ಪಾ? ಹೇಳದೆ ಕೇಳದೆ ಅವರ ಮೂತಿಯ ಮುಂದೆ ಗಕ್ಕನೆ ನಿಲ್ಲಿಸಿದರೆ ತಪ್ಪು. ದೂರ ಇರುವಾಗಲೇ, ಇಬ್ಬರೂ ಒಪ್ಪಿಕೊಂಡು ಇಳಿಸಿದರೆ ಯಾವ ಗೊಂದಲವೂ ಇಲ್ಲ. ಮಾತಾಡಿ ಅಂದಿದ್ದು ಅದಕ್ಕೇ.

ರೇಡಿಯೋ ಇಲ್ಲವಾ? ಕಿರಿದಾದ ದಾರಿಯಲ್ಲಿ ಹಾರ್ನ್ ಸಂಕೇತಗಳಿವೆ. ಅಂತರರಾಷ್ಟ್ರೀಯ ನಿಯಮದಲ್ಲಿ ಎರಡು ಉದ್ದ, ಒಂದು ಗಿಡ್ಡ ಅಂದರೆ ನಿಮ್ಮ ಬಲಗಡೆಯಿಂದ ದಾಟುತ್ತೇನೆ ಅಂತ. ಎರಡು ಉದ್ದ, ಎರಡು ಗಿಡ್ಡ ಅಂದರೆ ಎಡಗಡೆಯಿಂದ. ಒಪ್ಪಿಗೆ ಇದ್ದರೆ ಉದ್ದ, ಗಿಡ್ಡ, ಉದ್ದ, ಗಿಡ್ಡ. ಅಪಾಯ ಅನ್ನಿಸಿದರೆ ಕಡೇಪಕ್ಷ ಐದು ಗಿಡ್ಡ. ಕೆಲವು ದೇಶಗಳ ಒಳನಾಡಿನ ನೀರಿನಲ್ಲಿ ಸಂಕೇತ ಬೇರೆ ಇರುತ್ತವೆ, ಹೋಗುವ ಮುಂಚೆ ನೋಡಿಕೊಳ್ಳಿ. ಎಷ್ಟೋ ಸಲ ಕೈ ಎತ್ತಿ, ಅಂಗೈ ಕೆಳಗೆ ಮಾಡಿ ಮೆಲ್ಲಗೆ ತಗ್ಗಿಸಿ ತೋರಿಸಿದರೆ ಅರ್ಥ ಆಗುತ್ತದೆ. ಮುಷ್ಟಿ ತೋರಿಸಿದರೆ ಬೇರೆ ಅರ್ಥ ಆಗುತ್ತದೆ.

ಹೆಜ್ಜೆ 3: ನೀವೇ ನಿಧಾನ ಆಗಿ

ಈಗ ಮುಖ್ಯ ವಿಷಯ. ನೀವು 6 ನಾಟ್ ವೇಗದಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಹಿಂದಿನವರು ನಿಮ್ಮನ್ನು ದಾಟಬೇಕಾದರೆ 8 ಅಥವಾ 9 ನಾಟ್ ಹಾಕಲೇಬೇಕು. 12 ಮೀಟರಿನ ಮೋಟಾರು ಬೋಟಿಗೆ ಅದು ಸರಿಯಾಗಿ ಆ ಕೆಟ್ಟ ಮಿತಿಯ ವೇಗ. ಅವರು ಎಷ್ಟೇ ಒಳ್ಳೆಯವರಾದರೂ ದೊಡ್ಡ ಅಲೆ ಎಬ್ಬಿಸದೆ ದಾಟಲು ಆಗುವುದಿಲ್ಲ. 6.5ರಲ್ಲಿ ದಾಟಲಿ ಅಂದರೆ, ಅರ್ಧ ನಾಟ್ ವ್ಯತ್ಯಾಸದಲ್ಲಿ ಎರಡು ಬೋಟು ಬಹಳ ಹೊತ್ತು ಅಕ್ಕಪಕ್ಕದಲ್ಲೇ ಇರಬೇಕಾಗುತ್ತದೆ. ಕಿರಿದಾದ ದಾರಿಯಲ್ಲಿ ಅದೂ ಅಪಾಯ.

ನೀವು 3 ನಾಟ್‌ಗೆ ಇಳಿಸಿದರೆ? ಅವರು 5ರಲ್ಲಿ ದಾಟಬಹುದು. 5ರಲ್ಲಿ ಆ ಬೋಟು ಹೆಚ್ಚು ಅಲೆ ಎಬ್ಬಿಸುವುದಿಲ್ಲ. 2 ನಾಟ್ ವ್ಯತ್ಯಾಸ ಅಂದರೆ ಸೆಕೆಂಡಿಗೆ ಸುಮಾರು 1 ಮೀಟರ್. ಎರಡು ಬೋಟಿನ ಉದ್ದ, ಹಿಂದೆ ಮುಂದೆ ಸ್ವಲ್ಪ ಜಾಗ ಎಲ್ಲ ಸೇರಿ 40 ಮೀಟರ್ ಅಂದರೂ 40 ಸೆಕೆಂಡಿನಲ್ಲಿ ಮುಗಿಯಿತು. ನೀವು ಕಳೆದುಕೊಂಡದ್ದು ಒಂದೆರಡು ನಿಮಿಷ.

ಮಾಡುವ ಕ್ರಮ ಹೀಗೆ:

1. ಅವರು ಇನ್ನೂ ನಾಲ್ಕೈದು ಬೋಟಿನ ಉದ್ದ ಹಿಂದೆ ಇರುವಾಗಲೇ ಥ್ರಾಟಲ್ ಇಳಿಸಿ. ಅವರು ಪಕ್ಕಕ್ಕೆ ಬಂದ ಮೇಲೆ ಇಳಿಸಿ ಪ್ರಯೋಜನ ಇಲ್ಲ. ಅಲೆ ಆಗಲೇ ಹುಟ್ಟಿ ಆಗಿರುತ್ತದೆ.

2. ಪೂರ್ತಿ ನಿಲ್ಲಿಸಬೇಡಿ. ಚುಕ್ಕಾಣಿ ಮಾತು ಕೇಳುವಷ್ಟು ವೇಗ ಉಳಿಸಿಕೊಳ್ಳಿ. ಹರಿವು ನಿಮ್ಮ ಹಿಂದಿನಿಂದ ಇದ್ದರೆ ಈ ಬಗ್ಗೆ ಇನ್ನೂ ಎಚ್ಚರ ಬೇಕು.

3. ದಾರಿಯ ಬಲಕ್ಕೆ ಆದಷ್ಟು ಸರಿಯಿರಿ, ಆದರೆ ಆಳ ಬಿಟ್ಟು ಹೋಗಬೇಡಿ.

4. ಅವರ ಹಿಂಭಾಗ ನಿಮ್ಮ ಮೂತಿಯನ್ನು ದಾಟಿದ ಕೂಡಲೇ, ಹಿಂದೆ ಬೇರೆ ಯಾರೂ ಇಲ್ಲ ಅಂತ ನೋಡಿಕೊಂಡು, ಅವರ ಹಿಂಭಾಗದ ಕಡೆ ತಿರುಗಿಸಿ. ಅಲೆ ಇನ್ನೂ ಹರಡಿಕೊಂಡಿರುವುದಿಲ್ಲ. ಅದನ್ನು ಅಡ್ಡಲಾಗಿ ಕತ್ತರಿಸಿ ಅವರ ಹಿಂದಿನ ಸಪಾಟಾದ ಪಟ್ಟಿಯೊಳಗೆ ಸೇರಿಕೊಳ್ಳಿ.

5. ರೇಡಿಯೋದಲ್ಲಿ "ದಾಟಿದ್ದೀರಿ, ಥ್ಯಾಂಕ್ಸ್, ಇನ್ನು ವೇಗ ಹೆಚ್ಚಿಸಬಹುದು" ಅನ್ನಿ. ಇದನ್ನು ಹೇಳದಿದ್ದರೆ ಅವರು ತಮ್ಮ ಅಂದಾಜಿನಲ್ಲಿ ಥ್ರಾಟಲ್ ಒತ್ತುತ್ತಾರೆ. ಎಲ್ಲ ಚೆನ್ನಾಗಿ ಆಗಿ ಕೊನೆಯಲ್ಲಿ ಕೆಡುವುದು ಇಲ್ಲೇ. ಬೋಟು ಪ್ಲೇನ್‌ಗೆ ಏರುವಾಗ ಎಬ್ಬಿಸುವ ಒಂದು ದೊಡ್ಡ ಅಲೆ ನಿಮ್ಮ ಮೇಲೆಯೇ ಬರುತ್ತದೆ.

ಹೆಜ್ಜೆ 4: ಅಲೆ ಬಂದೇ ಬಂತು ಅಂದಾಗ

ಎಲ್ಲರೂ ನಿಧಾನ ಮಾಡುವುದಿಲ್ಲ. ಆಗ ಅಲೆಗೆ ಮುಖ ಕೊಡಬೇಕು. "ಅಲೆಯ ಕಡೆ ತಿರುಗಿಸಿ" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಿರುಗಿಸಬೇಕು ಅಂತ ಹೇಳುವವರು ಕಡಿಮೆ, ತಪ್ಪಾಗುವುದೂ ಅಲ್ಲೇ.

ನಿಧಾನದ ಭಾರಿ ಬೋಟಿನ ಅಲೆಗಳು ಬರೀ ಪಕ್ಕಕ್ಕೆ ಹೋಗುವುದಿಲ್ಲ. ಬೀಸಣಿಗೆಯ ಅಂಚಿನಲ್ಲಿ ಅವು ಬೋಟು ಹೋಗುವ ದಿಕ್ಕಿಗೆ ಸುಮಾರು 35 ಡಿಗ್ರಿ ಓರೆಯಾಗಿ ಮುಂದಕ್ಕೇ ಓಡುತ್ತವೆ. ಹಾಗಾಗಿ ನಿಮ್ಮನ್ನು ಎಡಗಡೆಯಿಂದ ದಾಟಿದ ಬೋಟಿನ ಅಲೆ ನಿಮಗೆ ಬರುವುದು ಹಿಂದಿನ ಎಡ ಮೂಲೆಯಿಂದ. ಈಗ ನೀವು ಅವರ ಕಡೆ 45 ಡಿಗ್ರಿ ಮಾತ್ರ ತಿರುಗಿಸಿದರೆ ಏನಾಗುತ್ತದೆ? ಅಲೆ ಸರಿಯಾಗಿ ನಿಮ್ಮ ಪಕ್ಕೆಗೇ ಬಡಿಯುತ್ತದೆ. ತಿರುಗಿಸದೆ ಇದ್ದರೂ ಇಷ್ಟು ಹೊಯ್ದಾಡುತ್ತಿರಲಿಲ್ಲ. ಅರೆಮನಸ್ಸಿನ ತಿರುವು ಎರಡು ಲೋಕಕ್ಕೂ ಕೆಟ್ಟದ್ದು. ತಿರುಗಿಸುವುದಾದರೆ ಹತ್ತಿರ ಹತ್ತಿರ 90 ಡಿಗ್ರಿ ತಿರುಗಿಸಿ, ಆಗ ಅಲೆ ಮೂತಿಯ ಓರೆಗೆ ಬರುತ್ತದೆ. ಅಷ್ಟು ಜಾಗ ಇಲ್ಲವಾ? ಹಾಗಾದರೆ ಅಲೆಗೆ ಬೆನ್ನು ಕೊಡಿ. ಸ್ವಲ್ಪ ಆಚೆ ತಿರುಗಿಸಿ ಅಲೆ ಹಿಂದಿನಿಂದ ಬಂದು ಕೆಳಗೆ ಹಾದುಹೋಗುವಂತೆ ಮಾಡಿ. ಹಿಂಭಾಗ ಎತ್ತರ ಇರುವ, ಮುಚ್ಚಿದ ಬೋಟಿನಲ್ಲಿ ಇದು ಎಷ್ಟೋ ಸಲ ಸುಲಭದ ದಾರಿ.

ಪ್ಲೇನ್ ಆಗಿ ಹೋಗುವ ವೇಗದ ಬೋಟಿನ ಕತೆ ಬೇರೆ. ಅದರ ಅಲೆಯ ಗೆರೆಗಳು ಅದರ ದಾರಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಇರುತ್ತವೆ, ನಿಮಗೆ ನೇರ ಪಕ್ಕದಿಂದ ಬರುತ್ತವೆ. ಅಲ್ಲಿ 45ರಿಂದ 60 ಡಿಗ್ರಿ ತಿರುವು ಸಾಕು. ಎದುರಿನಿಂದ ಬಂದು ಹಾದುಹೋಗುವ ನಿಧಾನದ ಬೋಟಿನ ಅಲೆಯಂತೂ ತಾನಾಗಿಯೇ ನಿಮ್ಮ ಮೂತಿಯ ಓರೆಗೆ ಬರುತ್ತದೆ. ಅಲ್ಲಿ ತಿರುವು ಬೇಕಾಗುವುದೇ ಅಪರೂಪ. ವೇಗ ಇಳಿಸಿದರೆ ಸಾಕು.

ಡಿಗ್ರಿ ಎಲ್ಲ ಆ ಹೊತ್ತಿಗೆ ನೆನಪಿರುವುದಿಲ್ಲ, ಬಿಡಿ. ಬೋಟನ್ನು ನೋಡಬೇಡಿ, ಅಲೆಯ ಗೆರೆಯನ್ನು ನೋಡಿ. ನೀರಿನ ಮೇಲೆ ಓಡಿ ಬರುವ ಆ ಏರಿನ ಸಾಲಿಗೆ ನಿಮ್ಮ ಮೂತಿ ಓರೆಯಾಗಿ ತಾಗಬೇಕು. ಪೂರ್ತಿ ನೇರಕ್ಕೆ ತಾಗಿದರೆ ಬೋಟು ಮೂತಿ ಕುಟ್ಟಿಕೊಂಡು ಮುಗ್ಗರಿಸುತ್ತದೆ. ಪಕ್ಕಕ್ಕೆ ತಾಗಿದರೆ ಹೊಯ್ದಾಡುತ್ತದೆ. ನಡುವೆ ಎಲ್ಲೋ ನಿಮ್ಮ ಬೋಟಿಗೆ ಹಿತವಾದ ಕೋನ ಇದೆ. ಎರಡು ದಿನ ಬೇಕಂತಲೇ ಸಣ್ಣ ಅಲೆಗಳನ್ನು ಬೇರೆ ಬೇರೆ ಕೋನದಲ್ಲಿ ತೆಗೆದುಕೊಂಡು ನೋಡಿ, ತಾನಾಗೇ ಸಿಗುತ್ತದೆ.

ಅಲೆಗಳು ಒಂದು ಗುಂಪಾಗಿ ಬರುತ್ತವೆ. ಮೊದಲನೆಯದೇ ದೊಡ್ಡದು ಅಂತೇನಿಲ್ಲ. ಒಂದು ದಾಟಿತು ಅಂತ ತಕ್ಷಣ ಹಳೇ ದಿಕ್ಕಿಗೆ ತಿರುಗಿದರೆ ಮೂರನೆಯದು ಪಕ್ಕೆಗೆ ಬೀಳುತ್ತದೆ. ಗುಂಪು ಪೂರ್ತಿ ಹೋಗಲಿ. ಕಲ್ಲಿನ ಗೋಡೆ ಕಟ್ಟಿದ ದಂಡೆ ಇದ್ದರೆ ಹೋದ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಅದನ್ನೂ ಕಾಯಿರಿ.

ಬೋಟು ಚಿಕ್ಕದಾಗಿದ್ದರೆ

ತೆರೆದ ಮೋಟಾರು ಬೋಟಿನಲ್ಲಿ ಮೊದಲ ಕೆಲಸ ಮುಂದೆ ಕೂತವರನ್ನು ಹಿಂದಕ್ಕೆ, ನಡುವಿಗೆ ಕರೆಸುವುದು. ಅಲೆಯ ಮೇಲಿಂದ ಮೂತಿ ಬಿದ್ದಾಗ ಮುಂದಿನ ಸೀಟಿನವರು ಗಾಳಿಗೆ ಹಾರಿ ಗಟ್ಟಿ ಹಲಗೆಯ ಮೇಲೆ ಕೂರುತ್ತಾರೆ. ಬೆನ್ನುಮೂಳೆ ಮುರಿಯುವುದು ಹೀಗೇ. ನಗೆಯಾಟದ ವಿಷಯ ಅಲ್ಲ.

ವೇಗ ಇಳಿಸಿ, ಆದರೆ ಗಕ್ಕನೆ ಪೂರ್ತಿ ಮುಚ್ಚಬೇಡಿ. ಹಾಗೆ ಮಾಡಿದರೆ ನಿಮ್ಮದೇ ಹಿಂದಿನ ಅಲೆ ಬೋಟಿನ ಹಿಂಭಾಗ ಹತ್ತಿ ಒಳಗೆ ಸುರಿಯುತ್ತದೆ. ಇನ್ನೊಂದು ತಪ್ಪು, ಅಲೆ ಹತ್ತುತ್ತಿರುವಾಗ ಹೆದರಿ ಥ್ರಾಟಲ್ ಬಿಡುವುದು. ಮೂತಿ ತಟ್ಟನೆ ಕೆಳಗೆ ಬೀಳುತ್ತದೆ, ಮುಂದಿನ ಅಲೆಯೊಳಗೆ ಹೂತುಕೊಳ್ಳುತ್ತದೆ. ಮುಂಚೆಯೇ ಇಳಿಸಿ, ಏರುವಾಗ ಮೂತಿ ಎತ್ತಿ ಹಿಡಿಯುವಷ್ಟು ಸಣ್ಣಗೆ ಕೊಡಿ, ತುದಿಯಲ್ಲಿ ಮೆಲ್ಲಗೆ ಬಿಡಿ.

ಅಲೆ ಹಿಂದಿನಿಂದ ಬಂದರೆ ಅದರ ಇಳಿಜಾರಿನಲ್ಲಿ ಜಾರಿ ಓಡಲು ಬೋಟಿಗೆ ಆಸೆ. ಬಿಡಬೇಡಿ. ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಂಡರೆ ಹಿಂಭಾಗ ಗಿರ್ರನೆ ತಿರುಗಿ ಬೋಟು ಅಡ್ಡ ಬೀಳುತ್ತದೆ.

ಹುಟ್ಟು ಹಾಕುವ ದೋಣಿ, ಕಯಾಕ್‌ನವರು ಅಲೆಗೆ ಮೂತಿ ತಿರುಗಿಸಿ ಹುಟ್ಟು ಹಾಕುತ್ತಲೇ ಇರಿ. ಹುಟ್ಟು ನೀರಿನಲ್ಲಿ ಇರುವಷ್ಟು ಹೊತ್ತು ಅದೇ ನಿಮ್ಮ ಊರುಗೋಲು. ಗೋಡೆಗೂ ದೊಡ್ಡ ಬೋಟಿಗೂ ನಡುವೆ ಮಾತ್ರ ಸಿಕ್ಕಿಕೊಳ್ಳಬೇಡಿ.

ಹಾಯಿದೋಣಿಯವರಿಗೆ

ಗಾಳಿ ಚೆನ್ನಾಗಿದ್ದರೆ ಹಾಯಿಯೇ ಹೊಯ್ದಾಟವನ್ನು ತಡೆಯುತ್ತದೆ. ಕಷ್ಟ ಇರುವುದು ಗಾಳಿ ಇಲ್ಲದ ದಿನ. ಬೂಮ್, ಅಂದರೆ ಮುಖ್ಯ ಹಾಯಿಯ ಕೆಳಗಿನ ಅಡ್ಡಗಳು, ಆಚೀಚೆ ಬೀಸುತ್ತದೆ, ತಲೆಗೆ ಬಿದ್ದರೆ ಮುಗಿಯಿತು. ಮುಖ್ಯ ಹಾಯಿಯ ಹಗ್ಗವನ್ನು ಬಿಗಿಯಾಗಿ ಎಳೆದು ಬೂಮನ್ನು ನಡುವಿನಲ್ಲಿ ಕಟ್ಟಿಹಾಕಿ. ಬೂಮ್ ಹೊರಗೆ ಇದ್ದರೆ ಅದನ್ನು ಮುಂದಕ್ಕೆ ಎಳೆದು ಕಟ್ಟುವ ತಡೆಹಗ್ಗ ಇರಲಿ.

ಪ್ರತಿ ಬೋಟಿಗೂ ತನ್ನದೇ ಹೊಯ್ದಾಟದ ತಾಳ ಇದೆ. ಬರುವ ಅಲೆಯ ತಾಳ ಅದಕ್ಕೆ ಹೊಂದಿಬಿಟ್ಟರೆ ಚಿಕ್ಕ ಅಲೆಯೂ ಉಯ್ಯಾಲೆ ತೂಗಿದ ಹಾಗೆ ಜಾಸ್ತಿ ಜಾಸ್ತಿ ತೂಗುತ್ತದೆ. ಆಗ ದಿಕ್ಕನ್ನೋ ವೇಗವನ್ನೋ ಸ್ವಲ್ಪ ಬದಲಿಸಿ. ತಾಳ ತಪ್ಪಿದರೆ ತೂಗುವುದು ನಿಲ್ಲುತ್ತದೆ.

ದೊಡ್ಡ ಹಡಗು, ಕಿರಿದಾದ ದಾರಿ

ವಿಚಿತ್ರ ಅಂದರೆ, ಸಾವಿರಾರು ಟನ್ ಹಡಗು ನಿಧಾನವಾಗಿ ಹೋದರೆ ಅದರ ಅಲೆ ಎಷ್ಟೋ ಸಲ ಒಂದು ಆಡಂಬರದ ಮೋಟಾರು ಬೋಟಿನ ಅಲೆಗಿಂತ ಚಿಕ್ಕದು. ಅಲ್ಲಿನ ಅಪಾಯ ಬೇರೆ. ಕಿರಿದಾದ, ಆಳ ಕಡಿಮೆ ಇರುವ ದಾರಿಯಲ್ಲಿ ಹಡಗು ಬರುವಾಗ ಅದರ ಪಕ್ಕದಲ್ಲಿ ನೀರಿನ ಮಟ್ಟ ಇಳಿಯುತ್ತದೆ. ದಂಡೆಯ ನೀರು ಯಾರೋ ಹೀರಿಕೊಂಡ ಹಾಗೆ ಹಿಂದೆ ಸರಿಯುತ್ತದೆ. ಹಡಗು ದಾಟಿದ ಮೇಲೆ ಅದೇ ನೀರು ನುಗ್ಗಿ ವಾಪಸ್ ಬರುತ್ತದೆ. ದಂಡೆಗೆ ಅಂಟಿಕೊಂಡಿದ್ದರೆ ಮೊದಲು ನೆಲ ತಾಗುತ್ತೀರಿ, ಆಮೇಲೆ ಅಲೆ ಎತ್ತಿ ಕುಕ್ಕುತ್ತದೆ. ಹಡಗಿನ ತೀರಾ ಹತ್ತಿರ ಇದ್ದರೆ ಅದರ ಕಡೆಗೇ ಸೆಳೆತ ಇರುತ್ತದೆ. ಎರಡಕ್ಕೂ ನಡುವೆ, ಆಳ ಇರುವಲ್ಲಿ, ಚುಕ್ಕಾಣಿಗೆ ಬೇಕಾದಷ್ಟು ವೇಗ ಇಟ್ಟುಕೊಂಡು ಹೋಗಿ. ಆಗಲಿಲ್ಲ ಅಂದರೆ ದಾರಿ ಅಗಲ ಆಗುವ ಜಾಗದಲ್ಲೇ ಕಾಯಿರಿ. 20 ಮೀಟರಿಗಿಂತ ಚಿಕ್ಕ ಬೋಟಾಗಲೀ ಹಾಯಿದೋಣಿಯಾಗಲೀ, ಆ ದಾರಿ ಬಿಟ್ಟು ಆಚೆ ಹೋಗಲಾರದ ಹಡಗಿಗೆ ಅಡ್ಡಿ ಮಾಡಬಾರದು ಅಂತ ನಿಯಮವೂ ಇದೆ.

ಆಳ ಕಡಿಮೆ ಇದ್ದರೆ ಅಲೆಯ ವೇಗಕ್ಕೂ ಒಂದು ಮಿತಿ ಇರುತ್ತದೆ. 2 ಮೀಟರ್ ಆಳದಲ್ಲಿ ಅದು ಸುಮಾರು 8.6 ನಾಟ್, 3 ಮೀಟರಿನಲ್ಲಿ 10.5. ಬೋಟು ಆ ವೇಗದ ಹತ್ತಿರ ಹೋದರೆ ಅಲೆ ವಿಪರೀತ ಬೆಳೆಯುತ್ತದೆ. ಆಳದಲ್ಲಿ ಸಾಧುವಾಗಿದ್ದ ಬೋಟು ತೆಳು ನೀರಿಗೆ ಬಂದ ಕೂಡಲೇ ರಾಕ್ಷಸ ಅಲೆ ಎಬ್ಬಿಸುವುದು ಹೀಗೆ. ವೇಗದ ದೊಡ್ಡ ದೋಣಿಗಳದ್ದು ಇನ್ನೊಂದು ಬಗೆ. ಅವುಗಳ ಅಲೆ ಆಳದಲ್ಲಿ ಕಣ್ಣಿಗೆ ಕಾಣದಷ್ಟು ಚಪ್ಪಟೆ, ಉದ್ದ. ದೋಣಿ ಕಣ್ಮರೆಯಾಗಿ ಎಷ್ಟೋ ನಿಮಿಷದ ಮೇಲೆ ತೆಳು ನೀರಿಗೆ ಬಂದು ಎದ್ದು ನಿಲ್ಲುತ್ತದೆ.

ನಿಂತಿರುವಾಗ

ಲಂಗರು ಹಾಕುವಾಗ ದೋಣಿಗಳು ಓಡಾಡುವ ದಾರಿಯಿಂದ ಆದಷ್ಟು ದೂರ, ತಿರುವಿನ ಒಳಗೆ ಜಾಗ ಹುಡುಕಿ. ದಂಡೆಗೆ ಕಟ್ಟಿದ್ದರೆ ಹಗ್ಗಗಳು ತೀರಾ ಬಿಗಿಯೂ ಬೇಡ, ತೀರಾ ಸಡಿಲವೂ ಬೇಡ. ಸಡಿಲ ಇದ್ದರೆ ಬೋಟು ಓಡಿ ಬಂದು ಹಗ್ಗವನ್ನು ಝಾಡಿಸುತ್ತದೆ, ಹಗ್ಗ ಸುತ್ತಿ ಕಟ್ಟುವ ಗೂಟ (ಕ್ಲೀಟ್) ಕಿತ್ತುಬರಬಹುದು. ಬೋಟು ಹಿಂದೆ ಮುಂದೆ ಓಡದಂತೆ ಓರೆಯಾಗಿ ಕಟ್ಟುವ ಉದ್ದದ ಹಗ್ಗಗಳು ಎರಡೂ ಕಡೆಗೆ ಇರಲೇಬೇಕು. ಬೋಟು ಕಟ್ಟೆಗೆ ಉಜ್ಜದಂತೆ ತಡೆಯುವ ಮೆತ್ತೆಗಳನ್ನು (ಫೆಂಡರ್) ಇರುವುದಕ್ಕಿಂತ ಎರಡು ಜಾಸ್ತಿಯೇ ಇಳಿಬಿಡಿ. ಬೋಟಿಗೂ ಕಟ್ಟೆಗೂ ನಡುವೆ ಕೈ ಕಾಲು ಕೊಟ್ಟು ತಡೆಯಲು ಯಾರೂ ಹೋಗಬಾರದು. ಬೋಟಿಗೆ ಬಣ್ಣ ಮತ್ತೆ ಬಳಿಯಬಹುದು.

ನಿಜವಾಗಿಯೂ ಹಾನಿ ಆದರೆ ಮೊದಲು ಜನರನ್ನು ನೋಡಿ, ಆಮೇಲೆ ತಳದಲ್ಲಿ ನೀರು ಬಂದಿದೆಯಾ ನೋಡಿ. ಆ ಬೋಟಿನ ಹೆಸರು, ನಂಬರು, ಹೊತ್ತು, ಜಾಗ ಬರೆದಿಡಿ, ಫೋಟೋ ತೆಗೆಯಿರಿ. ತಾನೆಬ್ಬಿಸಿದ ಅಲೆಯಿಂದ ಆದ ಹಾನಿಗೆ ಬೋಟು ನಡೆಸುವವರೇ ಹೊಣೆ ಅಂತ ಅನೇಕ ಕಡೆ ಕಾನೂನಿದೆ. ರೇಡಿಯೋದಲ್ಲಿ ಕಿರುಚಿದ್ದು ಮಾತ್ರ ಯಾವ ಉಪಯೋಗಕ್ಕೂ ಬಾರದು.

ನೀವು ದಾಟುವಾಗ

ಇಷ್ಟು ದಿನ ದಾಟಿಸಿಕೊಂಡವರು ಒಂದಲ್ಲ ಒಂದು ದಿನ ದಾಟುತ್ತೀರಿ. ಮುಂದಿನವರನ್ನು ಮೊದಲೇ ಕರೆದು ಕೇಳಿ. ಪಕ್ಕಕ್ಕೆ ಬಂದ ಮೇಲಲ್ಲ, ಸಾಕಷ್ಟು ಹಿಂದೆ ಇರುವಾಗಲೇ ವೇಗ ಇಳಿಸಿ. ಯಾಕೆಂದರೆ ನೀವು ನಿಧಾನ ಆದರೂ ನಿಮ್ಮ ಹಿಂದಿನ ಅಲೆ ನಿಧಾನ ಆಗುವುದಿಲ್ಲ. ಅದು ನಿಮ್ಮನ್ನೇ ದಾಟಿ ಅವರ ಬಳಿ ನಿಮಗಿಂತ ಮೊದಲು ತಲುಪುತ್ತದೆ. ಮೂತಿ ಪೂರ್ತಿ ಕೆಳಗಿಳಿದು ಬೋಟು ಸಪಾಟಾಗಿ ಕೂತಿದೆಯಾ ಅಂತ ನೋಡಿ. ಆಮೇಲೆ ತಿರುಗಿ ನಿಮ್ಮ ಹಿಂದಿನ ನೀರನ್ನು ನೋಡಿ. ಅಲ್ಲಿ ಇನ್ನೂ ಬಿಳಿ ಕಾಣುತ್ತಿದ್ದರೆ ಇನ್ನೊಂದಿಷ್ಟು ಇಳಿಸಿ. ದಾಟಿ ಮುಗಿದ ಮೇಲೂ ಹಿಂದಿನವರು ಹೇಳುವವರೆಗೆ, ಅಥವಾ ಅವರು ನಿಮ್ಮ ಹಿಂದಿನ ಸಪಾಟು ನೀರಿಗೆ ಬಂದದ್ದು ಕಾಣುವವರೆಗೆ, ಥ್ರಾಟಲ್ ಮುಟ್ಟಬೇಡಿ.